ಸೆಕೆ ಎಲ್ರಿಗೂ ಆಗ್ತದೆ ಅಕ್ಕ

ಇವತ್ತು ಸಂಜೆ ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಲ್ಲಿ ಬರ್ತಾ ಇದ್ದೆ. ಮಳೆ ಅಂದ್ರೆ ಎಂಥಾ ಮಳೆ ಮಾರಾಯ್ರೆ, ಕಾಪು ದಾಟಿದ ಮೇಲೆ ಹೊರಗೆ ಎಂತದ್ದೂ ಕಾಣುದಿಲ್ಲ, ಬಸ್ಸಿನ ಗ್ಲಾಸೆಲ್ಲ ಬಂದ್. ನನ್ನ ಎದುರಿನ ಸೀಟಲ್ಲಿ ಒಬ್ರು, ಹೆಚ್ಚುಕಮ್ಮಿ ನನ್ನದೇ ಪ್ರಾಯ, ಪಡುಬಿದ್ರಿ ಬರುವಾಗ ಸಡನ್ನಾಗಿ ಎದ್ದು ಗ್ಲಾಸ್ ಸರಿಸಿದ್ರು. ನೀರು ರಪ್ಪಂತ ಒಳಗೆ. ಹಿಂದಿನವರದ್ದು ಬೊಬ್ಬೆ, ಪಕ್ಕದವ ಮೊಬೈಲ್ ಒರೆಸ್ಕೊಂಡು ಪಿರಿಪಿರಿ. ಕಂಡಕ್ಟರ್ ಬಂದ. "ಸೆಕೆ ಆಗ್ತದೆ, ಎರಡೇ ನಿಮಿಷ" ಅಂದ್ರು ಅವರು. "ಸೆಕೆ ಎಲ್ರಿಗೂ ಆಗ್ತದೆ ಅಕ್ಕ" ಅಂತ ಹೇಳಿ ಅವನೇ ಗ್ಲಾಸ್ ಎಳೆದು ಹಾಕಿ ಹೋದ. ನಾಲ್ಕು ಜನ ನಗಾಡಿದ್ರು. ನಂಗೆ ಹಿಂದಿನಿಂದ ಕಂಡದ್ದು ಅವರ ಕುತ್ತಿಗೆ ಮಾತ್ರ, ಕೂದಲಿನ ಬುಡದಿಂದ ಬೆವರು ಇಳಿದು ರವಿಕೆಯ ಅಂಚು ಪೂರ್ತಿ ಒದ್ದೆ, ಕಿವಿ ಕೆಂಪು ಕೆಂಪು. ಎರಡು ವರ್ಷದಿಂದ ನನ್ನ ಅವಸ್ಥೆಯೂ ಅದೇ.

ಸೆಕೆ ಎಲ್ರಿಗೂ ಆಗ್ತದಂತೆ! ನಮ್ಮ ಊರಿನ ಹೆಂಗಸರ ಗ್ರಾಚಾರ ಇದು. ಇಲ್ಲಿ ವರ್ಷದಲ್ಲಿ ಹತ್ತು ತಿಂಗಳು ಸೆಕೆ, ಹಾಗಾಗಿ ನಾವು ಸೆಕೆ ಅಂದ್ರೆ ಯಾರೂ ಮಂಡೆ ಎತ್ತಿಯೂ ನೋಡುದಿಲ್ಲ. ಮಡಿಕೇರಿಯಲ್ಲಾದ್ರೆ ಎಂತ ಆಯ್ತು ಅಂತ ಕೇಳ್ತಿದ್ರೋ ಏನೋ.

ಇದು ಆ ಸೆಕೆ ಅಲ್ಲ ಮಾರಾಯ್ರೆ. ಮುಟ್ಟು ನಿಲ್ಲುವ ಸಮಯದಲ್ಲಿ ಮೈಯಲ್ಲಿ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಏರಿಳಿತ ಆಗಿ ಕಡೆಗೆ ಕಮ್ಮಿ ಆಗ್ತದೆ, ಆಗ ಮೆದುಳಿನಲ್ಲಿ ಮೈಬಿಸಿ ನೋಡ್ಕೊಳ್ಳುವ ಜಾಗ ಉಂಟಲ್ಲ ಅದಕ್ಕೆ ಲೆಕ್ಕ ತಪ್ತದೆ, ಒಂಚೂರು ಬಿಸಿ ಏರಿದ್ರೂ ಮನೆಗೆ ಬೆಂಕಿ ಬಿದ್ದ ಹಾಗೆ ಬೊಬ್ಬೆ ಹಾಕ್ತದೆ. ರಕ್ತ ಎಲ್ಲ ಚರ್ಮಕ್ಕೆ ನುಗ್ತದೆ, ಎದೆಯಿಂದ ಕುತ್ತಿಗೆ, ಕುತ್ತಿಗೆಯಿಂದ ಮುಖ, ಬೆವರು ಧಾರಾಕಾರ, ನಾಲ್ಕೈದು ನಿಮಿಷ ಕಳೆದು ಅದೇ ಬೆವರಿಗೆ ಚಳಿ. ರಾತ್ರಿ ನಾನು ಫ್ಯಾನ್ ಐದಕ್ಕೆ ಇಡುದು, ನಮ್ಮ ಮನೆಯವರು ಮೂಗಿನವರೆಗೆ ಕಂಬಳಿ ಎಳ್ಕೊಂಡು ಮೆಲ್ಲ ಎದ್ದು ಎರಡಕ್ಕೆ ತಿರುಗಿಸುದು. ನಮ್ಮದು ಇಪ್ಪತ್ತಾರು ವರ್ಷದ ಸಂಸಾರ, ಈಗ ಜಗಳ ಇರುದು ರೆಗ್ಯುಲೇಟರಿಗೆ ಮಾತ್ರ.

ಸೆಕೆ ಒಂದೇ ಆದ್ರೆ ಸುಧಾರಿಸ್ಬಹುದಿತ್ತು. ಗಂಟು ನೋವು, ಮೂರು ಗಂಟೆಗೆ ಎಚ್ಚರ ಆದ್ರೆ ಮತ್ತೆ ನಿದ್ದೆ ಇಲ್ಲ, ಸುಮ್ನೆ ಕೂತಲ್ಲಿ ಎದೆ ಡವಡವ, ಉರಿಮೂತ್ರ ಪದೇ ಪದೇ. ಮತ್ತೆ ಮರೆವು! ಬ್ಯಾಂಕಿನಲ್ಲಿ ಇಡೀ ದಿನ ಲೆಕ್ಕ ಮಾಡುವವಳು ನಾನು, ಮೊನ್ನೆ ಅಡುಗೆಕೋಣೆಯಲ್ಲಿ ತುರಿಮಣೆಗೆ ಎಂತ ಹೇಳುದು ಅಂತ ನೆನಪಾಗದೆ "ಅದು, ಕಾಯಿದು, ಅದು" ಅಂತ ಮಗಳ ಹತ್ರ ಕೈಸನ್ನೆ ಮಾಡಿದೆ. ಅವಳು ನಕ್ಕಳು. ನಾನು ಬಚ್ಚಲಿಗೆ ಹೋಗಿ ಅತ್ತೆ.

ಮೊದಲು ಹೋದ ಡಾಕ್ಟ್ರು (ಹೆಸರು ಬೇಡ, ಇಲ್ಲೇ ಮಂಗ್ಳೂರಲ್ಲಿ) ಇಸಿಜಿ ಮಾಡಿಸಿದ್ರು, ಥೈರಾಯ್ಡ್ ಮಾಡಿಸಿದ್ರು, ಅದು ಒಳ್ಳೇದೇ, ಎರಡೂ ನಾರ್ಮಲ್. ಮತ್ತೆ ನನ್ನ ಮುಖ ನೋಡದೆ "ಈ ಪ್ರಾಯದಲ್ಲಿ ಇದೆಲ್ಲ ಕಾಮನ್, ಟೆನ್ಶನ್ ಮಾಡ್ಬೇಡಿ" ಅಂತ ವಿಟಮಿನ್ ಮಾತ್ರೆ ಬರೆದ್ರು. ಎಂತ ವ್ಯತ್ಯಾಸ ಹೇಳಿ, ಇದೂ "ಸೆಕೆ ಎಲ್ರಿಗೂ ಆಗ್ತದೆ" ಅಂದ ಹಾಗೇ, ಫೀಸು ಕೊಟ್ಟು ಕೇಳಿದ್ದು ಅಷ್ಟೇ. ಕಾಮನ್ ಅಂತ ಬಿಡುದಾದ್ರೆ ಹಲ್ಲುನೋವೂ ಕಾಮನ್ ಅಲ್ವಾ?

ಎರಡನೇ ಡಾಕ್ಟ್ರು ಅರ್ಧ ಗಂಟೆ ಕೂರಿಸಿ ಹೇಳಿದ್ರು. 12 ತಿಂಗಳು ಒಟ್ಟಿಗೆ ಮುಟ್ಟು ಆಗದಿದ್ರೆ ಮಾತ್ರ ನಿಂತಿತು ಅಂತ ಲೆಕ್ಕ, ಆದ್ರೆ ಉಪದ್ರ ಅದಕ್ಕಿಂತ ವರ್ಷಗಟ್ಲೆ ಮೊದಲೇ ಸುರು ಆಗ್ಬಹುದು. ಹೊರದೇಶದಲ್ಲಿ ಸರಾಸರಿ 51ಕ್ಕೆ ನಿಂತ್ರೆ ನಮ್ಮಲ್ಲಿ 46, 47ಕ್ಕೇ. 40ಕ್ಕಿಂತ ಮೊದಲು ನಿಂತ್ರೆ ಅದನ್ನು ಪ್ರಾಯ ಅಂತ ಬಿಡ್ಲಿಕ್ಕಿಲ್ಲ, ತೋರಿಸ್ಲೇಬೇಕು. ನಿಂತು ವರ್ಷ ಕಳೆದ ಮೇಲೆ ಒಂದು ಚುಕ್ಕೆ ರಕ್ತ ಕಂಡ್ರೂ ಅವತ್ತೇ ಬರ್ಬೇಕು ಅಂತ ಎರಡೆರಡು ಸಲ ಹೇಳಿದ್ರು. ಈ ಸೆಕೆ ಏಳು ವರ್ಷವೂ ಇರಬಹುದು ಅಂದಾಗ ಮಾತ್ರ ನನ್ನ ಜಂಘಾಬಲ ಉಡುಗಿತು.

ಈಗ ಕೆಲವರು ಬರ್ತಾರೆ, ಬಂದೇ ಬರ್ತಾರೆ: "ನಮ್ಮ ಅಜ್ಜಿಯಂದಿರಿಗೆ ಇದೆಲ್ಲ ಇತ್ತಾ? ಗದ್ದೆಯಲ್ಲಿ ದುಡಿದ್ರು, ಒಂದು ಮಾತ್ರೆ ತಿನ್ಲಿಲ್ಲ." ಹೌದಾ? ಅಜ್ಜಿಯ ಹತ್ರ ನೀವು ಕೇಳಿದ್ದುಂಟಾ?

ನಾನಂತೂ ಅಮ್ಮನ ಹತ್ರ ಕೇಳ್ಲಿಲ್ಲ. ಆಟಿ ತಿಂಗಳ ಮಳೆಯಲ್ಲಿ ಅಮ್ಮ ಚಾಪೆ ಬಿಟ್ಟು ಚಾವಡಿಯ ಕೆಂಪು ನೆಲಕ್ಕೆ ಬೆನ್ನು ಕೊಟ್ಟು ಮಲಗ್ತಿದ್ರು, ಪಕ್ಕದಲ್ಲಿ ಅಡಿಕೆ ಹಾಳೆಯ ಬೀಸಣಿಗೆ, ಕತ್ತಲಲ್ಲಿ ಅದರ ಪರಪರ ಶಬ್ದ. ಪರೀಕ್ಷೆಗೆ ಓದ್ತಿದ್ದ ನಾನು "ಎಂತ ಅಮ್ಮ ನಿಮ್ಮ ನಾಟಕ, ಈ ಮಳೆಗೆ ಸೆಕೆಯಾ" ಅಂತ ರೇಗಿದ್ದೆ. ಆಮೇಲೆ ಶಬ್ದ ಕೇಳ್ಲಿಲ್ಲ. ಬೀಸಣಿಗೆ ಬಿಟ್ಟು ಸುಮ್ನೆ ಮಲಗಿದ್ರು ಅಂತ ಈಗ ಗೊತ್ತಾಗ್ತದೆ.

ಆಯ್ತು, ಮದ್ದಿನ ವಿಷಯ. ಹಾರ್ಮೋನ್ ಅಂದ ಕೂಡ್ಲೇ ನಮ್ಮ ವಾಟ್ಸಾಪ್ ಡಾಕ್ಟ್ರುಗಳು "ಕ್ಯಾನ್ಸರ್!" ಅಂತಾರೆ. ಆ ಹೆದರಿಕೆ ಹೆಚ್ಚಾಗಿ 2002ರಲ್ಲಿ ಅಮೆರಿಕಾದಲ್ಲಿ ಹಾರ್ಮೋನ್ ಮಾತ್ರೆಯ ಬಗ್ಗೆ ನಡೀತಿದ್ದ ಒಂದು ದೊಡ್ಡ ಅಧ್ಯಯನವನ್ನು ಅರ್ಧದಲ್ಲಿ ನಿಲ್ಲಿಸಿದ್ದರಿಂದ ಬಂದದ್ದು. ಅದರಲ್ಲಿದ್ದ ಹೆಂಗಸರ ಸರಾಸರಿ ಪ್ರಾಯ 63, ಸ್ತನ ಕ್ಯಾನ್ಸರ್ ಜಾಸ್ತಿ ಕಂಡದ್ದು ವರ್ಷಕ್ಕೆ 10,000 ಹೆಂಗಸರಲ್ಲಿ ಸುಮಾರು 8. ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುದಿಲ್ಲ. ಆದ್ರೆ 60ರ ಒಳಗೆ, ಮುಟ್ಟು ನಿಂತು 10 ವರ್ಷದ ಒಳಗೆ ಸುರು ಮಾಡಿದ್ರೆ, ಬೇರೆ ತೊಂದರೆ ಇಲ್ಲದ ಹೆಚ್ಚಿನವರಿಗೆ ಲಾಭವೇ ಜಾಸ್ತಿ ಅಂತ ಈಗ ಡಾಕ್ಟ್ರುಗಳು ಹೇಳ್ತಾರೆ. ನಾನು ತೋಳಿಗೆ ಈಸ್ಟ್ರೋಜನ್ ಜೆಲ್ ಹಚ್ತೇನೆ, ಗರ್ಭಕೋಶ ಇರುವ ಕಾರಣ ಅದರ ರಕ್ಷಣೆಗೆ ಒಟ್ಟಿಗೆ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನಿನ ಮಾತ್ರೆ. ನನ್ನ ಚಿಕ್ಕಮ್ಮನ ಮಗಳಿಗೆ ಸ್ತನ ಕ್ಯಾನ್ಸರ್ ಆಗಿ ಗುಣ ಆದದ್ದು, ಅವಳಿಗೆ ಹಾರ್ಮೋನ್ ಬೇಡ ಅಂದ್ರು, ಬೇರೆ ಮಾತ್ರೆ ಕೊಟ್ಟಿದ್ದಾರೆ, ಅದು ಡಿಪ್ರೆಶನ್ನಿಗೂ ಕೊಡುವ ಮಾತ್ರೆ, ಸಣ್ಣ ಡೋಸಲ್ಲಿ ಈ ಸೆಕೆಗೂ ಆಗ್ತದೆ. "ನಂಗೆ ಮಂಡೆ ಸಮ ಇಲ್ವಾ" ಅಂತ ಒಂದು ವಾರ ಪಾಪ ಹೆದರಿದ್ದಳು. ಹಾಗಾಗಿ ನನ್ನ ಮದ್ದು ನೋಡಿ ಯಾರೂ ಮೆಡಿಕಲ್ಲಿಗೆ ಓಡ್ಬೇಡಿ.

ಪುನರ್ಪುಳಿ ಶರಬತ್ತು ಕುಡಿ, ಉಷ್ಣ ಇಳೀತದೆ ಅಂತ ನಮ್ಮ ಅತ್ತೆ. ಕುಡೀತೇನೆ, ರುಚಿ ಉಂಟಲ್ಲ. ಸೆಕೆ ಇಳಿಯುದಿಲ್ಲ. ರಾತ್ರಿ ಚಾ ಬಿಟ್ಟದ್ದು, ಹತ್ತಿ ಬಟ್ಟೆ, ಬೆಳಿಗ್ಗೆ ನಡೆಯುದು, ಇದರಿಂದ ಸ್ವಲ್ಪ ಸಮ ಆಗಿದೆ. ಮೂಳೆ ಸವೆಯುದು ಈಗಲೇ ಜೋರಂತೆ, ಅದಕ್ಕೆ ಬೂತಾಯಿ ಮೀನು ಮುಳ್ಳು ಸಮೇತ ಅಗಿದು ತಿಂತೇನೆ, ಆ ಟ್ರೀಟ್‌ಮೆಂಟಿಗೆ ನನ್ನದೇನೂ ತಕರಾರಿಲ್ಲ.

ಬಸ್ಸಿನ ವಿಷಯ ಅರ್ಧಕ್ಕೇ ಬಿಟ್ಟೆ ನೋಡಿ. ಇಷ್ಟು ಉದ್ದ ಬರೆಯುವವಳು ಕಂಡಕ್ಟರಿಗೆ ಒಂದು ಮಾತು ಹೇಳ್ಲಿಲ್ಲ. ಬಾಯಿ ಬರ್ಲಿಲ್ಲ. ಮೂಲ್ಕಿ ದಾಟಿದ ಮೇಲೆ ಬ್ಯಾಗಿನಿಂದ ನನ್ನ ಚಾರ್ಜಿಂಗ್ ಫ್ಯಾನ್ ತೆಗೆದು ಸೀಟಿನ ಮೇಲಿಂದ ಅವರಿಗೆ ಕೊಟ್ಟೆ. ತಿರುಗಿ ನೋಡಿದ್ರು. "ನಿಮಗೂ ಉಂಟಾ?" "ಉಂಟು." ಮತ್ತೆ ಸುರತ್ಕಲ್ಲಿನವರೆಗೆ ಮಾತೇ ಮಾತು. ಅವರು ಇಳಿದ್ರು, ಕೈ ಬೀಸಿದ್ರು, ನಾನೂ ಬೀಸಿದೆ. ಫ್ಯಾನ್ ಅವರಿಗೂ ನೆನಪಾಗ್ಲಿಲ್ಲ, ನಂಗೂ ಆಗ್ಲಿಲ್ಲ.