ಬೆಣ್ಣೆ ಹತ್ತಿದ ಬ್ಯಾಗು

ಮೊನ್ನೆ ದಾವಣಗೆರೆಯ ಪಿ.ಜೆ. ಬಡಾವಣೆ ಕಡೆ ಒಂದು ಹೋಟೆಲಿನಲ್ಲಿ ನಾಲ್ಕು ಬೆಣ್ಣೆ ದೋಸೆ ತಿಂದು, ಚಿಲ್ಲರೆಗೆ ಜಗಳವಾಡಿ ಮನೆಗೆ ಬಂದೆ. ಲ್ಯಾಪ್‌ಟಾಪ್ ಬ್ಯಾಗು ಮಾತ್ರ ಟೇಬಲ್ ಕೆಳಗೇ ಉಳಿಯಿತು.

ಲ್ಯಾಪ್‌ಟಾಪ್ ಹೋದರೆ ಹೋಗಲಿ, ಫ್ಯಾನ್ ತಿರುಗಿದರೆ ಹಿಟ್ಟಿನ ಗಿರಣಿ ಸದ್ದು ಬರುತ್ತೆ ಅದಕ್ಕೆ. ಎದೆ ಹೊಡೆದುಕೊಂಡಿದ್ದು ಒಳಗಿನ ಮೇಲ್‌ಗಳಿಗೆ. ಥಂಡರ್‌ಬರ್ಡ್ ಅನ್ನೋ ಮೇಲ್ ಪ್ರೋಗ್ರಾಮಿನಲ್ಲಿ 11 ವರ್ಷದ ಮೇಲ್ ಇಳಿಸಿಟ್ಟುಕೊಂಡಿರುವವನು ನಾನು. ಆಧಾರ್, ಪ್ಯಾನ್, ಸೈಟಿನ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟು, ಎಲ್ಲ ಅಲ್ಲೇ. ಸ್ಟೇಟ್‌ಮೆಂಟಿಗೆ ಪಾಸ್‌ವರ್ಡ್ ಇದೆ ನಿಜ, ಆದರೆ ಹೆಸರಿನ ಮೊದಲ ನಾಲ್ಕು ಅಕ್ಷರ, ಆಮೇಲೆ ಹುಟ್ಟಿದ ದಿನ ಹಾಕಿ ಅಂತ ಅದೇ ಮೇಲ್‌ನಲ್ಲೇ ಬರೆದಿರುತ್ತಾರೆ, ಹುಟ್ಟಿದ ದಿನ ಪಕ್ಕದ ಮೇಲ್‌ನ ಆಧಾರ್‌ನಲ್ಲಿ ಸಿಗುತ್ತೆ!

ಪುಣ್ಯಕ್ಕೆ ಹೋಟೆಲಿನ ಹುಡುಗ ತೆಗೆದಿಟ್ಟಿದ್ದ. ಜಿಪ್ಪಿನ ಮೇಲೆ ಎರಡು ಬೆರಳಿನ ಬೆಣ್ಣೆ ಗುರುತು. ತೆಗೆದು ನೋಡಿದ್ದಾನೋ, ಅಥವಾ ಆ ಹೋಟೆಲಿನಲ್ಲಿ ಬೆಣ್ಣೆ ಹತ್ತದ ವಸ್ತುವೇ ಇಲ್ಲವೋ, ಗೊತ್ತಿಲ್ಲ.

"ಲಾಗಿನ್ ಪಾಸ್‌ವರ್ಡ್ ಇತ್ತಲ್ಲ, ಯಾರೇನು ಮಾಡ್ತಾರೆ" ಅಂದೆ. ಕಂಪ್ಯೂಟರ್ ರಿಪೇರಿ ಮಾಡುವ ಅಕ್ಕನ ಮಗ ಮಾತಾಡಲಿಲ್ಲ. ಸ್ಕ್ರೂ ಬಿಚ್ಚಿ, ಡಿಸ್ಕ್ ಎಳೆದು, ಒಂದು ಯುಎಸ್‌ಬಿ ಡಬ್ಬಿಗೆ ಹಾಕಿ ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದ. ನನ್ನ ಚಹಾ ಇನ್ನೂ ಆರಿರಲಿಲ್ಲ.

"ಮಾಮ, ದುಗ್ಗಮ್ಮನ ಜಾತ್ರೆ ದಿನ ಜ್ವರ ಅಂತ ಆಫೀಸಿಗೆ ಮೇಲ್ ಹಾಕಿದ್ರಾ?"

ಪಾಸ್‌ವರ್ಡ್ ಕೇಳಲೇ ಇಲ್ಲ. ಇನ್‌ಬಾಕ್ಸ್ ಪೂರ್ತಿ ಒಂದೇ ಫೈಲು, ಯಾರು ಬೇಕಾದರೂ ತೆರೆದು ಓದಬಹುದು. ಥಂಡರ್‌ಬರ್ಡ್‌ನ ಪ್ರೈಮರಿ ಪಾಸ್‌ವರ್ಡ್ ಹಾಕಿದರೂ ಅದು ಕಾಯೋದು ಸೇವ್ ಆದ ಪಾಸ್‌ವರ್ಡ್‌ಗಳನ್ನ ಮಾತ್ರವಂತೆ, ಮೇಲ್‌ಗಳನ್ನಲ್ಲ.

ನನ್ನ ಹೆಂಡತಿ ದುರ್ಗದವಳು. "ನಮ್ಮ ಕೋಟೆಗೂ ಏಳು ಸುತ್ತಿತ್ತು ರೀ, ಹೈದರಾಲಿ ಕಡೆಯವರು ನುಗ್ಗಿದ್ದು ಕಿಂಡಿಯಲ್ಲಿ. ಆದ್ರೆ ನಮಗೆ ಓಬವ್ವ ಇದ್ಲು" ಅಂದಳು. ಬೇಕಿತ್ತಾ ಇದು ಆ ಹೊತ್ತಲ್ಲಿ?

ವಿಂಡೋಸ್ ಪ್ರೊ ಇತ್ತು, ಅಕ್ಕನ ಮಗ ಅದರಲ್ಲೇ ಬರುವ ಬಿಟ್‌ಲಾಕರ್ ಅನ್ನೋ ಡಿಸ್ಕಿನ ಬೀಗ ಹಾಕಿಕೊಟ್ಟ. ಇನ್ನು ಡಿಸ್ಕ್ ಬಿಚ್ಚಿ ಬೇರೆ ಕಡೆ ಚುಚ್ಚಿದರೆ ಕೀ ಇಲ್ಲದೆ ಒಂದಕ್ಷರವೂ ಓದಕ್ಕೆ ಬರಲ್ಲ. ಹೊರಗೆ ಒಯ್ಯುವಾಗ ಸುಮ್ನೆ ಮುಚ್ಚಳ ಮುಚ್ಚಿದ್ರೆ ಸಾಲದು, ಪೂರ್ತಿ ಆಫ್ ಮಾಡ್ರಿ ಅಂತಲೂ ಹೇಳಿದ. ಆಮೇಲೆ ರಿಕವರಿ ಕೀ, ಅಂದರೆ ಆ ಬೀಗ ತೆರೆಯೋ ತುರ್ತಿನ ಕೀಲಿ. ಆರಾರು ಅಂಕಿಯ ಎಂಟು ಗುಂಪು, ಒಟ್ಟು 48 ಅಂಕಿ. ಇದು ಕಳೆದರೆ ಮುಂದೊಂದು ದಿನ ನಿಮಗೇ ಮೇಲ್ ಸಿಗದೆ ಹೋದೀತು ಅಂತ ಹೆದರಿಸಿ ಪ್ರಿಂಟ್ ತೆಗೆದುಕೊಟ್ಟ. ನಾನು ಅದನ್ನ ಮೇಲ್‌ನಲ್ಲಿ ಇಟ್ಟುಕೊಳ್ಳೋಣ ಅಂದಿದ್ದೆ, ಅವನು ನೋಡಿದ ನೋಟಕ್ಕೆ ಬಾಯಿ ಮುಚ್ಚಿದೆ. ಹಾಳೆಯನ್ನು ಭದ್ರವಾಗಿರಲಿ ಅಂತ ದೇವರ ಮನೆಯ ಪಂಚಾಂಗದೊಳಗೆ ಇಟ್ಟೆ.

ನಾಲ್ಕನೇ ದಿನ ಕಿರಾಣಿ ಅಂಗಡಿ ಹುಡುಗ ಸ್ಕೂಟರಿನಲ್ಲಿ ಮನೆಗೇ ಬಂದ. ಕೈಯಲ್ಲಿ ನನ್ನ ಹಾಳೆ, ಅದರ ಖಾಲಿ ಬೆನ್ನಿಗೆ ಹೆಂಡತಿಯ ಅಕ್ಷರದಲ್ಲಿ ತಿಂಗಳ ಸಾಮಾನಿನ ಪಟ್ಟಿ.

"ಸಾರ್, ಚೀಟಿ ಹಿಂದೆ ನಿಮ್ಮ ನಂಬರ್ ಐತಲ್ಲ, ಬೆಳಿಗ್ಗೆಯಿಂದ ಹಚ್ತಾ ಇದೀನಿ, ಹೋಗ್ತಾನೇ ಇಲ್ಲ. ತೊಗರಿಬೇಳೆ ಎರಡು ಕೇಜಿನಾ, ಎರಡೂವರೆನಾ?"