ಆಧಾರ್ ಬೇರೆ, ಆಧಾರ ಬೇರೆ

ನಮ್ಮದು ಪೆರ್ಲದ ಹತ್ತಿರ. ಜಿಲ್ಲೆ ಕಾಸರಗೋಡು, ರಾಜ್ಯ ಕೇರಳ. ಮನೆಯಲ್ಲಿ ತುಳು, ಓದಿದ್ದು ಕನ್ನಡ ಶಾಲೆಯಲ್ಲಿ, ಆಫೀಸಿಗೆ ಹೋದರೆ ಮಲಯಾಳ. ತಂಗಿಯನ್ನು ಕೊಟ್ಟದ್ದು ಪುತ್ತೂರಿಗೆ. ಮೊನ್ನೆ ಅವಳೂ ನನ್ನ ಹೆಂಡತಿಯೂ ಪುತ್ತೂರಿನಿಂದ ಮಂಗಳೂರಿಗೆ ಸರಕಾರಿ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಹೋದರು. ತಂಗಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ನನ್ನವಳ ಆಧಾರ್ ಕೇರಳದ್ದು, ಹಾಗಾಗಿ ಪೂರ್ತಿ ದುಡ್ಡು. 'ಕನ್ನಡ ಮಾತಾಡಿದ್ರೆ ಸಾಲದು, ಕನ್ನಡದ ಅಡ್ರೆಸ್ ಬೇಕು' ಅಂತ ಅವಳು ನಗಾಡಿದಳು.

ಗಡಿಯಲ್ಲಿ ಬದುಕುವವರಿಗೆ ಈ ಹೋಲಿಕೆ ತಪ್ಪುವುದಿಲ್ಲ. ಆಚೆ ಕರ್ನಾಟಕದಲ್ಲಿ 2023ರಿಂದ ಹೆಂಗಸರಿಗೆ ಬಸ್ಸು ಫ್ರೀ, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಈಚೆ ನಮಗೆ 1998ರಿಂದ ಕುಟುಂಬಶ್ರೀ ಇದೆ. ಹತ್ತರಿಂದ ಇಪ್ಪತ್ತು ಹೆಂಗಸರ ಒಂದೊಂದು ಅಯಲ್‌ಕೂಟ, ಅಂದರೆ ನೆರೆಕರೆಯ ಸಂಘ, ವಾರವಾರ ಯಾರದಾದರೂ ಮನೆಯಲ್ಲಿ ಮೀಟಿಂಗು. ಉಳಿತಾಯ, ಸಾಲ, ಲೆಕ್ಕದ ಪುಸ್ತಕ, ಜಗಳ, ಚಾ. ನನಗೆ ಕೇಳಿದರೆ ಈ ಮೀಟಿಂಗೇ ಜಾಸ್ತಿ ಬಾಳಿಕೆ ಬರುವಂಥದ್ದು, ಯಾಕೆಂದರೆ ದುಡ್ಡು ಸರಕಾರ ಬದಲಾದರೆ ನಿಲ್ಲಬಹುದು, ಆದರೆ ಬ್ಯಾಂಕಿನಲ್ಲಿ ಮೆನೇಜರನ ಎದುರು ಕುರ್ಚಿ ಎಳೆದು ಕೂತು ಮಾತಾಡಿ ಬಂದ ಹೆಂಗಸಿನ ಗಂಟಲನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಹಾಗಂತ 2,000 ರೂಪಾಯಿಯನ್ನು ಬಿಟ್ಟಿ ಅನ್ನುವವರ ಜೊತೆ ನಾನಿಲ್ಲ. ಗಂಡನ ಹತ್ತಿರ ಕೈ ಚಾಚಿ ಮಾತ್ರೆಗೆ ದುಡ್ಡು ಕೇಳಿದವರಿಗೆ ಅದರ ಬೆಲೆ ಗೊತ್ತು.

ಆದರೆ ಕೇರಳ ಅಂದ ಕೂಡಲೇ ಹೊಗಳುವವರಿಗೂ ಸ್ವಲ್ಪ ಲೆಕ್ಕ ಹೇಳಬೇಕು. 2021ರಲ್ಲಿ ಇಲ್ಲಿಯ ವಿಧಾನಸಭೆಗೆ 140 ಜನರಲ್ಲಿ ಗೆದ್ದ ಹೆಂಗಸರು 11. ಕರ್ನಾಟಕದಲ್ಲಿ 2023ರಲ್ಲಿ 224ರಲ್ಲಿ 10. 2024ರ ಲೋಕಸಭಾ ಚುನಾವಣೆಯಲ್ಲಿ ಕೇರಳದ 20 ಸೀಟಿನಲ್ಲಿ ಒಬ್ಬ ಹೆಂಗಸೂ ಗೆಲ್ಲಲಿಲ್ಲ, ಕರ್ನಾಟಕದಿಂದ ಮೂವರು ಹೋದರು. ಪಂಚಾಯತಿನಲ್ಲಿ ಅರ್ಧ ಮೀಸಲಾತಿ ಎರಡೂ ಕಡೆ ಇದೆ, ಮೇಲಿನ ಮೆಟ್ಟಿಲು ಹತ್ತುವಾಗ ಎರಡೂ ಕಡೆ ಕಾಲು ಜಾರುತ್ತದೆ. ಮಲಯಾಳ ಸಿನಿಮಾರಂಗದ ಹೆಂಗಸರ ಕಷ್ಟ ವಿಚಾರಿಸಿದ ಹೇಮಾ ಸಮಿತಿಯ ವರದಿಯನ್ನೇ ನೋಡಿ. 2019ರ ಡಿಸೆಂಬರಿನಲ್ಲಿ ಸರಕಾರದ ಕೈಗೆ ಬಂದದ್ದು ಜನರ ಕಣ್ಣಿಗೆ ಬಿದ್ದದ್ದು 2024ರ ಆಗಸ್ಟಿನಲ್ಲಿ. ಅದೇ 2019ರ ಜನವರಿ 1ರಂದು ನಮ್ಮ ಕಾಸರಗೋಡಿನಿಂದ ತಿರುವನಂತಪುರದವರೆಗೆ ಸಮಾನತೆಗಾಗಿ ಹೆಂಗಸರು ಸಾಲಾಗಿ ನಿಂತು ಗೋಡೆ ಕಟ್ಟಿದ ರಾಜ್ಯ ಇದು.

ಪ್ರಪಂಚದ ಕಥೆಯೂ ಹೀಗೇ, ಒಂದು ಕಡೆ ಹತ್ತುವುದು, ಇನ್ನೊಂದು ಕಡೆ ಇಳಿಯುವುದು. ಐಸ್‌ಲ್ಯಾಂಡಿನ ಹೆಂಗಸರು 1975ರ ಅಕ್ಟೋಬರ್ 24ರಂದು ಆಫೀಸು, ಅಡುಗೆ, ಮಕ್ಕಳು ಎಲ್ಲ ಬಿಟ್ಟು ಬೀದಿಗೆ ಬಂದರು, ಸುಮಾರು ನೂರಕ್ಕೆ 90 ಮಂದಿ. ಐದು ವರ್ಷದಲ್ಲಿ ಆ ದೇಶಕ್ಕೆ ಹೆಂಗಸು ಅಧ್ಯಕ್ಷೆ. ಇತ್ತ ಅಫ್ಘಾನಿಸ್ತಾನದಲ್ಲಿ 2021ರಲ್ಲಿ ತಾಲಿಬಾನ್ ಮರಳಿ ಬಂದ ಮೇಲೆ ಆರನೇ ಕ್ಲಾಸು ದಾಟಿದ ಹುಡುಗಿಗೆ ಶಾಲೆ ಇಲ್ಲ. ಅಮೆರಿಕದಲ್ಲಿ 1973ರಿಂದ ದೇಶವಿಡೀ ಇದ್ದ ಗರ್ಭಪಾತದ ಹಕ್ಕು 2022ರಲ್ಲಿ ಒಂದು ತೀರ್ಪಿನಲ್ಲಿ ಹೋಯಿತು.

ಇದನ್ನೆಲ್ಲ ಓದಿ ತಲೆಯಾಡಿಸುವುದು ಸುಲಭ. ಅಲ್ಲಿ ಆಜ್ಞೆ ಹೊರಡಿಸಿ ಕಿತ್ತುಕೊಳ್ಳುತ್ತಾರೆ. ನಮ್ಮಲ್ಲಿ ಊಟ ಹಾಕಿ, ಸೀರೆ ಕೊಟ್ಟು, ನಗುತ್ತಾ ಸಹಿ ಹಾಕಿಸಿಕೊಳ್ಳುತ್ತೇವೆ.

ನಮ್ಮದು ಅಳಿಯಕಟ್ಟಿನ ಮನೆ. ಆಸ್ತಿ ತಾಯಿಯ ಕಡೆಯಿಂದ ಹರಿಯುತ್ತಿತ್ತು, ಹಿರಿಯ ಹೆಂಗಸು ಯಜಮಾನ್ತಿ ಆಗಬಹುದಿತ್ತು. ನಿಜವಾಗಿ ದರಬಾರು ಮಾಡಿದ್ದು ಮಾವಂದಿರೇ, ಅದು ಬೇರೆ ಮಾತು. ಆದರೂ 1949ರ ಅಳಿಯಸಂತಾನ ಕಾನೂನಿನ ಮೇಲೆ ಪಾಲಾದಾಗ ಅಜ್ಜಿಯ ಕವರಿಗೆ, ಅಂದರೆ ಅವರ ತಾಯಿವಳಿಯ ಕವಲಿಗೆ, ಬಂದ ಗದ್ದೆಯ ಕಾಗದದಲ್ಲಿ ಅಜ್ಜಿಯದೇ ಹೆಸರಿತ್ತು. ಅವರಿಗೆ ಓದು ಬರೆಹ ಬರುತ್ತಿರಲಿಲ್ಲ. ಅಮ್ಮ ಎಂಟನೇ ಕ್ಲಾಸು ಓದಿದವರು, ಅಜ್ಜಿಯ ಕಾಲದ ನಂತರ ತಮ್ಮ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟು ಚಂದದ ಅಕ್ಷರದಲ್ಲಿ ಸಹಿ ಹಾಕಿದರು. ತಂಗಿ ಬಿ.ಕಾಂ. ಅವಳ ಸರದಿ ಈಗ. ಅಪ್ಪ ಕೊಂಡ ಜಾಗ, ಅಪ್ಪ ತೀರಿದ ಮೇಲೆ ಅಮ್ಮ, ತಂಗಿ, ನಾನು ಮೂವರಿಗೂ ಸಮಪಾಲು. ಈ ಹಿಂದೂ ಉತ್ತರಾಧಿಕಾರ ಕಾನೂನು 1956ರದ್ದು. ಪಿತ್ರಾರ್ಜಿತದಲ್ಲೂ ಮಗಳಿಗೆ ಮಗನಷ್ಟೇ ಹಕ್ಕು ಅಂತ 2005ರಲ್ಲಿ ಆ ಕಾನೂನಿಗೆ ತಿದ್ದುಪಡಿ ಆಯಿತು. ಮೂರು ತಲೆಮಾರಿನಲ್ಲಿ ಓದು ಏರಿತು, ಕಾನೂನು ಏರಿತು, ಹೆಸರಿನಲ್ಲಿದ್ದ ಜಾಗ ಮಾತ್ರ ಇಳಿಯಿತು.

ವಿಶ್ವಬ್ಯಾಂಕಿನವರು 2024ರಲ್ಲಿ ಹೇಳಿದ್ದೂ ಇದನ್ನೇ ಅನ್ನಿ. ಸಮಾನ ಸಂಬಳದ ಕಾನೂನು 98 ದೇಶಗಳಲ್ಲಿ ಇದೆ, ಅದು ನಡೆಯುವಂತೆ ಏರ್ಪಾಡು ಮಾಡಿದ್ದು 35 ದೇಶಗಳು. ಉಳಿದ ದೇಶಗಳು ನನ್ನ ಹಾಗೆ.

ಇಲ್ಲಿ ಜಾಗದ ಕಾಗದಕ್ಕೆ ಆಧಾರ ಅಂತಾರೆ, ಹಕ್ಕು ಬಿಟ್ಟುಕೊಡುವ ಕಾಗದಕ್ಕೆ ಮಲಯಾಳದಲ್ಲಿ ಒಝಿಮುರಿ. ಆಧಾರ ಬರೆಯುವವರ ಹತ್ತಿರ ಹೋದರೆ ಅವರು ತಂಗಿಯ ಪಾಲು ಎಷ್ಟು ಅಂತ ಕೇಳಲೇ ಇಲ್ಲ. 'ತಂಗಿಯ ಆಧಾರ್ ಜೆರಾಕ್ಸ್ ತಂದಿದ್ದೀರಾ?' ಅಂದರು ಅಷ್ಟೆ. ಮದುವೆಗೆ ಚಿನ್ನ ಹಾಕಿದ್ದೇವಲ್ಲ ಅಂತ ನಾನೂ ಸಮಾಧಾನ ಮಾಡಿಕೊಂಡಿದ್ದೆ. ಆ ಚಿನ್ನ ಭಾವನ ಅಂಗಡಿಯ ಸಾಲಕ್ಕೆ ಅಡವು ಹೋಗಿ ಎಷ್ಟೋ ವರ್ಷ ಆಯಿತು.

ಕೆಣಕಿದ್ದು ಹೆಂಡತಿ. ಒಂದು ಭಾನುವಾರ ಅಯಲ್‌ಕೂಟ ಮುಗಿಸಿ ಬಂದವಳು ಕೇಳಿದಳು: 'ನಾದಿನಿ ಬಿಟ್ಟುಕೊಡ್ತಾಳೆ, ಸರಿ. ಅದರಲ್ಲಿ ನನ್ನ ಹೆಸರಿಗೆ ಎಷ್ಟು ಸೆಂಟ್ಸ್ ಬರೀತೀರಿ?' ನಾನು ಸುಮ್ನೆ ಚಾ ಕುಡಿದೆ. ಅವಳೂ ತವರಿನಲ್ಲಿ ಸಹಿ ಹಾಕಿ ಬಂದವಳೇ.

ಆಮೇಲೆ ನಿದ್ದೆ ಬರಲಿಲ್ಲ. ಪುತ್ತೂರಿಗೆ ಫೋನ್ ಮಾಡಿ, ಒಝಿಮುರಿ ಬೇಡ, ಭಾಗಪತ್ರ ಮಾಡಿಸೋಣ, ರಸ್ತೆ ಬದಿಯ ಅಡಿಕೆ ತೋಟ ನಿನಗೆ ಅಂದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಮಾತಿಲ್ಲ.

'ಪಾಲು ಕೊಟ್ಟು ಲೆಕ್ಕ ಚುಕ್ತಾ ಮಾಡ್ತೀಯಾ ಅಣ್ಣಾ? ಆಮೇಲೆ ಆಟಿ ತಿಂಗಳಿಗೆ ತವರು ಅಂತ ನಾನು ಎಲ್ಲಿಗೆ ಬರಬೇಕು?'

ಬರುವ ತಿಂಗಳು ಬರುತ್ತಾಳೆ. ಎರಡೂ ಕಾಗದ ಬರೆಸಿ ಇಟ್ಟಿದ್ದೇನೆ.