ಕಾಮಾ ಕಮಿಟಿಯ ಕಾರುಬಾರು

ಪಿಎಚ್‌ಡಿ ಮಾಡುವವರಿಗೆ ಕಷ್ಟ ಕಮ್ಮಿಯಾಗಲಿ ಅಂತಲೇ ಝೊಟೆರೊ, ಮೆಂಡಲಿ, ಎಂಡ್‌ನೋಟ್ ಥರದ ಸಾಫ್ಟ್‌ವೇರ್‌ಗಳು ಬಂದವು. ಪುಸ್ತಕದ ವಿವರ ಒಂದು ಸಲ ತುಂಬಿಟ್ಟರೆ ಸಾಕು. ಹೆಸರು, ಇಸವಿ, ಚುಕ್ಕಿ, ಕಾಮಾ ಎಲ್ಲೆಲ್ಲಿ ಬರಬೇಕು ಅನ್ನುವ ಸ್ಟೈಲ್ ಯಾವುದು ಅಂತ ಆರಿಸಿದರೆ ಥೀಸಿಸ್ ಕೊನೆಯ ರೆಫರೆನ್ಸ್ ಪಟ್ಟಿ ತಾನೇ ತಯಾರಾಗುತ್ತದೆ. ಝೊಟೆರೊ ಭಂಡಾರದಲ್ಲಿ 10,000ಕ್ಕೂ ಜಾಸ್ತಿ ಸ್ಟೈಲ್‌ಗಳಿವೆ, ಎಲ್ಲವೂ ಪುಕ್ಕಟೆ. ನಿಜ ಹೇಳಬೇಕೆಂದರೆ ಅದರಲ್ಲಿ ಬಹುಪಾಲು ಹೆಸರಿಗೆ ಮಾತ್ರ ಬೇರೆ. ಫೈಲ್ ತೆರೆದು ನೋಡಿದರೆ, ಇನ್ನೊಂದು ಸ್ಟೈಲ್ ಇದೆಯಲ್ಲ, ಅದು ಮಾಡಿದ ಹಾಗೇ ಮಾಡು ಅನ್ನುವಷ್ಟೇ ಒಳಗಿರುತ್ತದೆ. ಆದರೂ ಹತ್ತು ಸಾವಿರ ಅಂದರೆ ಕಮ್ಮಿಯೇ?

ಅಷ್ಟರಲ್ಲಿ ಒಂದೂ ನಮ್ಮ ಬೆಂಗಳೂರಿನ ಪಿಎಚ್‌ಡಿ ಕಮಿಟಿಗಳಿಗೆ ಹಿಡಿಸುವುದಿಲ್ಲ.

ಕಮಿಟಿಯ ಸುತ್ತೋಲೆ ಹೀಗಿರುತ್ತದೆ: ರೆಫರೆನ್ಸ್‌ಗಳು ಕಡ್ಡಾಯವಾಗಿ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಮಾದರಿಯಲ್ಲೇ ಇರತಕ್ಕದ್ದು. ಆದರೆ ಇಸವಿ ಕೊನೆಯಲ್ಲಿ ಬರತಕ್ಕದ್ದು. ಲೇಖಕರ ಹೆಸರು ದಪ್ಪಕ್ಷರದಲ್ಲಿರತಕ್ಕದ್ದು. ಪುಸ್ತಕದ ಹೆಸರಿಗೆ ಅಡಿಗೆರೆ ಎಳೆಯತಕ್ಕದ್ದು. ಈ ಮೂರೂ ಎಪಿಎಯಲ್ಲಿಲ್ಲ. ಮಸಾಲೆ ದೋಸೆ ಕೊಡಿ, ಪಲ್ಯ ಬೇಡ, ಕೆಂಪು ಚಟ್ನಿ ಸವರಬೇಡಿ ಅಂದ ಹಾಗೆ. ಹೋಟೆಲಿನವನಾದರೆ 'ಒಂದ್ ಪ್ಲೇನ್' ಅಂತ ಕೂಗಿ ಸುಮ್ಮನಾಗುತ್ತಾನೆ. ಪಾಪದ ಸಾಫ್ಟ್‌ವೇರ್ ಏನು ಮಾಡಬೇಕು?

ಪ್ರಕಾಶಕರ ಊರಿನ ರಗಳೆಯಂತೂ ಕೇಳಲೇಬೇಡಿ. ಪುಸ್ತಕ ಪ್ರಕಟವಾದ ಊರಿನ ಹೆಸರು ಬೇಡ ಅಂತ ಎಪಿಎಯೇ ತನ್ನ 7ನೇ ಆವೃತ್ತಿಯಲ್ಲಿ, 2019ರಲ್ಲಿ, ಕೈಬಿಟ್ಟಿತು. ಕಮಿಟಿ ಬಿಟ್ಟಿಲ್ಲ. ಎಪಿಎಗಿಂತ ಎಪಿಎ ಮೇಲೆ ನಮಗೇ ಅಭಿಮಾನ ಜಾಸ್ತಿ. ಸರಿ, ಊರು ಹಾಕೋಣ. ಯಾವ ಊರು? 2014ರ ನವೆಂಬರ್ 1ಕ್ಕೆ ಇಂಗ್ಲಿಷಿನಲ್ಲೂ ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂತು. ಹಳೇ ಇಂಗ್ಲಿಷ್ ಪುಸ್ತಕಗಳ ಮೇಲೆ ಬ್ಯಾಂಗಲೋರ್ ಅಂತಲೇ ಇದೆ. ಪುಸ್ತಕದಲ್ಲಿ ಇರುವ ಹಾಗೇ ಹಾಕಿ ಅನ್ನುತ್ತಾರೆ ಗೈಡ್. ಒಂದೇ ಊರಿಗೆ ಎರಡು ಹೆಸರು ಯಾಕಮ್ಮ ಅಂತ ಕಮಿಟಿಯ ಹಿರಿಯರೊಬ್ಬರು ಕೆಂಪು ಗೆರೆ ಎಳೆಯುತ್ತಾರೆ. ಎಲ್ಲವನ್ನೂ ಬೆಂಗಳೂರು ಮಾಡಿ ತಂದರೆ, 1985ರಲ್ಲಿ ಬೆಂಗಳೂರು ಎಲ್ಲಿತ್ತು ಅಂತ ಇನ್ನೊಬ್ಬರು ಕೇಳುತ್ತಾರೆ. ಇದಕ್ಕೆ ಕೆಂಪೇಗೌಡರೇ ಬಂದು ಉತ್ತರ ಕೊಡಬೇಕು.

ಲೇಖಕರ ಹೆಸರೂ ಅಷ್ಟೇ. ಸಾಫ್ಟ್‌ವೇರ್ ಹೆಸರಿಗೆ ಎರಡು ಡಬ್ಬಿ ಕೊಡುತ್ತದೆ, ಮನೆತನದ್ದೊಂದು, ಸ್ವಂತದ್ದೊಂದು. ನಮ್ಮವರ ಹೆಸರಲ್ಲಿ ಊರು, ಅಪ್ಪ, ತಾನು ಮೂವರೂ ಇರುತ್ತಾರೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ತಪ್ಪು ಡಬ್ಬಿಗೆ ಹಾಕಿದರೆ 'ಮೋಕ್ಷಗುಂಡಂ, ವಿ.' ಅಂತ ಬರುತ್ತದೆ. ಊರೇ ಪುಸ್ತಕ ಬರೆಯಿತು! ಯಾರೋ ಗೌರವದಿಂದ ಮುಂದೆ 'ಸರ್' ಸೇರಿಸಿದರೆ ಇನ್ನೂ ಚೆಂದ. 'ವಿಶ್ವೇಶ್ವರಯ್ಯ, ಎಸ್. ಎಂ.' 1915ರಲ್ಲಿ ಬಂದ ಸರ್ ಪದವಿ ಹೋಗಿ ಇನಿಷಿಯಲ್ ಆಗಿ ಕೂತಿತು. ಇದನ್ನು ಕಮಿಟಿ ಹಿಡಿಯುತ್ತದಾ? ಇಲ್ಲ. ಚುಕ್ಕಿ ಎರಡೂ ಸರಿಯಾಗಿವೆಯಲ್ಲ!

ಇನ್ನೊಂದು ಮಜಾ ಇದೆ. ನಕಲು ಪರೀಕ್ಷಿಸುವಾಗ ರೆಫರೆನ್ಸ್ ಪಟ್ಟಿ ಬಿಟ್ಟು ಉಳಿದದ್ದನ್ನು ನೋಡಬೇಕು ಅನ್ನುತ್ತದೆ ಯುಜಿಸಿಯ 2018ರ ನಿಯಮ. ಅದನ್ನು ಕಂಪ್ಯೂಟರ್ ಮಾಡುತ್ತದೆ. ಕಮಿಟಿ ಉಳಿದದ್ದೆಲ್ಲ ಬಿಟ್ಟು ಪಟ್ಟಿ ಮಾತ್ರ ನೋಡುತ್ತದೆ. ಒಟ್ಟಿನಲ್ಲಿ ಥೀಸಿಸ್ ಪೂರ್ತಿ ಪರಿಶೀಲನೆ ಆಯಿತು ಅನ್ನಲು ಅಡ್ಡಿಯಿಲ್ಲ.

ಹೀಗಾಗಿ ಸ್ಟೈಲ್ ವಿಷಯದಲ್ಲಿ ಈ ಊರಿನ ಅಸಲಿ ಪಂಡಿತ ಎಲ್ಲಿದ್ದಾನೆ ಅಂದರೆ, ಯೂನಿವರ್ಸಿಟಿ ಎದುರಿನ ಡಿಟಿಪಿ ಅಂಗಡಿಯಲ್ಲಿ. ಸ್ಟೈಲ್ ಫೈಲ್ ಅಂದರೆ ಬರೀ ಎಕ್ಸ್‌ಎಂಎಲ್, ನೋಟ್‌ಪ್ಯಾಡ್‌ನಲ್ಲೂ ತೆರೆಯುತ್ತದೆ. ಹುಡುಗ ಒಂದು ಕೈಯಲ್ಲಿ ಟೀ ಲೋಟ ಹಿಡಿದೇ 'ಎಟ್-ಆಲ್-ಮಿನ್' ಅನ್ನುವುದರ ಮುಂದಿನ 4 ಅಳಿಸಿ 3 ಮಾಡುತ್ತಾನೆ. ಅಷ್ಟೇ, ಮೂವರು ಸೇರಿ ಬರೆದ ಲೇಖನಗಳಲ್ಲೂ ಮೊದಲಿನವರು ಉಳಿದು ಮಿಕ್ಕವರು 'ಎಟ್ ಆಲ್', ಅಂದರೆ 'ಮತ್ತಿತರರು', ಪಾಲಾಗುತ್ತಾರೆ. ಫೈಲಿನೊಳಗಿನ ಸ್ಟೈಲಿನ ಹೆಸರು, ಐಡಿ ಎರಡನ್ನೂ ಬದಲಿಸಬೇಕು ಅಂತಲೂ ಅವನಿಗೆ ಗೊತ್ತು. ಇಲ್ಲದಿದ್ದರೆ ಮುಂದಿನ ಅಪ್‌ಡೇಟ್‌ನಲ್ಲಿ ಮೂಲ ಸ್ಟೈಲ್ ಬಂದು ನಮ್ಮ ತಿದ್ದುಪಡಿಯನ್ನೆಲ್ಲ ನುಂಗುತ್ತದೆ. ಸಂಶೋಧಕರಿಗೆ ಇದು ಗೊತ್ತಿರುವುದಿಲ್ಲ. ಕೊನೆಗೆ ಕಳಿಸಿದ ಇಸವಿ ಮತ್ತೆ ಮೊದಲಿಗೆ ಬಂದಾಗ ಕಂಪ್ಯೂಟರ್‌ಗೆ ದೃಷ್ಟಿ ತೆಗೆಯುತ್ತಾರೆ.

ಹುಡುಗನ ಪರದೆ ತುಂಬ ಇಂಥ ಫೈಲ್‌ಗಳೇ. ಹಿಸ್ಟರಿ ಫೈನಲ್, ಹಿಸ್ಟರಿ ಫೈನಲ್ 2, ಕಾಮರ್ಸ್ ಮೇಡಂ, ಹೊಸ ರಿಜಿಸ್ಟ್ರಾರ್.

"ಎಪಿಎ 7 ಬೇಕಿತ್ತು" ಅಂದರೆ ಅವನು ತಲೆ ಕೂಡ ಎತ್ತುವುದಿಲ್ಲ.

"ಅದು ಬಿಡಿ ಮೇಡಂ. ಸೈನ್ ಹಾಕೋದು ಯಾರು?"

ಹೆಸರು ಹೇಳಿದರೆ ಸ್ವಲ್ಪ ಯೋಚಿಸುತ್ತಾನೆ.

"ಅವರಾ? ಮೇ ತಿಂಗಳಿಗೆ ರಿಟೈರ್ ಆಗ್ತಾರಲ್ವಾ. ಅರ್ಜೆಂಟ್ ಇಲ್ಲಾಂದ್ರೆ ಜೂನ್‌ಗೆ ಬನ್ನಿ, ಕಾಮಾ ಎಲ್ಲಾ ಹಾಗೇ ಬಿಡಬಹುದು."